ವಿಧೇಯತೆಯ ಎಲ್ಲೆ: ದೂರದ ಸಾಮ್ರಾಜ್ಯವೂ ವಸಾಹತುಗಾರರ ಮನಸ್ಸಾಕ್ಷಿಯೂ

ಆಳುವವರ ಮಾತಿಗೆ ಪ್ರಜೆಗಳು ಏಕೆ ತಲೆಬಾಗಬೇಕು, ಆ ಬಾಧ್ಯತೆ ಯಾವಾಗ ಮುಗಿಯುತ್ತದೆ ಎಂಬುದು ರಾಜಕೀಯ ದರ್ಶನದ ಅತಿ ಹಳೆಯ ಪ್ರಶ್ನೆಗಳಲ್ಲಿ ಒಂದು. ದಂಡೆತ್ತಿ ಬಂದ ಪರಕೀಯರ ವಿರುದ್ಧ ನೆಲದ ಮಕ್ಕಳು ಬಂಡೆದ್ದಾಗ ಈ ಪ್ರಶ್ನೆಗೆ ಉತ್ತರ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಬಲದಿಂದ ಹೇರಿದ ಆಳ್ವಿಕೆಗೆ ಬಲ ಕುಂದಿದ ದಿನವೇ ಕೊನೆಯ ದಿನ ಎಂದುಬಿಡಬಹುದು. ಆದರೆ ಸಾಮ್ರಾಜ್ಯದ ಭಾಷೆಯನ್ನೇ ಆಡುವ, ಅದರ ದೇವರನ್ನೇ ನಂಬಿದ, ಅದರ ನೌಕಾಪಡೆಯ ನೆರಳಿನಲ್ಲೇ ಬೆಳೆದ ಜನ ಅದಕ್ಕೆ ತಿರುಗಿಬಿದ್ದಾಗ ಆ ಉತ್ತರ ಸಾಲದಾಗುತ್ತದೆ. ಇಲ್ಲಿ ವಸಾಹತುಗಾರರು ಎಂದರೆ ತಾಯ್ನಾಡನ್ನು ಬಿಟ್ಟು ಕಡಲಾಚೆಯ ನೆಲದಲ್ಲಿ ಊರು ಕಟ್ಟಿಕೊಂಡವರು. ಆ ನೆಲದ ಮೂಲನಿವಾಸಿಗಳಾಗಲಿ, ಅಲ್ಲಿಗೆ ಸಂಕೋಲೆ ತೊಡಿಸಿ ತಂದ ಗುಲಾಮರಾಗಲಿ ಈ ಮಾತಿನ ವ್ಯಾಪ್ತಿಗೆ ಸೇರುವುದಿಲ್ಲ. ಉತ್ತರ ಅಮೆರಿಕದ 13 ಬ್ರಿಟಿಷ್ ವಸಾಹತುಗಳು 1763ರಿಂದ 1776ರವರೆಗಿನ ಅವಧಿಯಲ್ಲಿ, ಅಂದರೆ ಬರೀ ಹದಿಮೂರು ವರ್ಷಗಳಲ್ಲಿ, ರಾಜಭಕ್ತಿಯಿಂದ ಸ್ವಾತಂತ್ರ್ಯ ಘೋಷಣೆಯವರೆಗೆ ಸಾಗಿದ ದಾರಿಯನ್ನು ನೋಡಿದರೆ, ಹೊರೆಯ ಭಾರಕ್ಕಿಂತ ಅಧಿಕಾರದ ಅಪರಿಮಿತತೆಯೇ ಅವರನ್ನು ಕೆಣಕಿತೆಂದೂ, ಆ ಅಪರಿಮಿತತೆಯನ್ನು ಪಾಪವೆಂದು ಗುರುತಿಸುವ ಕಣ್ಣು ಅವರಿಗೆ ಮೊದಲು ಧರ್ಮದಿಂದಲೇ ಬಂದಿತೆಂದೂ ತಿಳಿಯುತ್ತದೆ.

ಸಾಮಾನ್ಯವಾಗಿ ಕೇಳಿಬರುವ ವಿವರಣೆ ತೆರಿಗೆಯದು. ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ರಾಷ್ಟ್ರೀಯ ಸಾಲ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಫ್ರೆಂಚರಿಂದ ವಸಾಹತುಗಳನ್ನು ಕಾಪಾಡಲೆಂದು ನಡೆದ ಯುದ್ಧದ ಖರ್ಚಿನಲ್ಲಿ ವಸಾಹತುಗಳೂ ಒಂದು ಪಾಲು ಹೊರಲಿ ಎಂದು ಲಂಡನ್ನಿನ ಮಂತ್ರಿಗಳಿಗೆ ತೋರಿದ್ದು ಸಹಜವೇ. 1764ರಲ್ಲಿ ಸಕ್ಕರೆ ಮತ್ತು ಕಾಕಂಬಿಯ ಮೇಲಿನ ಸುಂಕದ ವಸೂಲಿ ಬಿಗಿಯಾಯಿತು; 1765ರಲ್ಲಿ ಪತ್ರಿಕೆ, ಕರಾರುಪತ್ರ, ಪಂಚಾಂಗ, ಇಸ್ಪೀಟು ಎಲೆಗಳಿಗೆಲ್ಲ ಮುದ್ರೆಯ ಶುಲ್ಕ ವಿಧಿಸುವ ಸ್ಟಾಂಪ್ ಕಾಯಿದೆ ಬಂದಿತು; 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ ಮತ್ತು ಚಹದ ಸರದಿಯಾಯಿತು. ಆದರೂ ತಲೆಗೆ ಬೀಳುತ್ತಿದ್ದ ಹೊರೆಯನ್ನು ಅಳೆದು ನೋಡಿದರೆ ಬ್ರಿಟನ್ನಿನಲ್ಲೇ ಉಳಿದವರಿಗಿಂತ ಅಮೆರಿಕದವರು ತೆರುತ್ತಿದ್ದದ್ದು ಬಹಳ ಕಡಿಮೆ. 1773ರ ಚಹ ಕಾಯಿದೆಯಂತೂ ಈಸ್ಟ್ ಇಂಡಿಯಾ ಕಂಪನಿಯ ಚಹದ ಬೆಲೆಯನ್ನು ಇಳಿಸಿತು; ಕಳ್ಳಸಾಗಣೆಯ ಡಚ್ ಚಹಕ್ಕಿಂತಲೂ ಅದು ಅಗ್ಗವಾಗುವಂತಿತ್ತು. ಹಾಗಿದ್ದೂ ಅದೇ ವರ್ಷ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಬಂದರಿನಲ್ಲಿ 342 ಪೆಟ್ಟಿಗೆ ಚಹ ಸಮುದ್ರದ ಪಾಲಾಯಿತು. ಬೆಲೆ ಇಳಿದದ್ದಕ್ಕೆ ಸಂತೋಷಪಡಬೇಕಾದ ಜನ ಅದನ್ನೇ ಬಲೆಯೆಂದು ಬಗೆದರು. ಪೌಂಡಿಗೆ ಮೂರು ಪೆನ್ನಿಯ ಸುಂಕ ಕೊಟ್ಟು ಆ ಅಗ್ಗದ ಚಹವನ್ನು ಕುಡಿದರೆ, ತಮ್ಮ ಒಪ್ಪಿಗೆಯಿಲ್ಲದೆ ಸುಂಕ ಹಾಕುವ ಹಕ್ಕನ್ನೂ ಅದರ ಜೊತೆಗೇ ನುಂಗಿದಂತಾಗುತ್ತದೆ ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಎರಡನೆಯ ವಿವರಣೆ ದೂರದ್ದು. ಲಂಡನ್ನಿಗೂ ಬಾಸ್ಟನ್ನಿಗೂ ನಡುವೆ ಸುಮಾರು 3,000 ಮೈಲಿಗಳ ಅಟ್ಲಾಂಟಿಕ್ ಸಾಗರವಿತ್ತು. ಗಾಳಿ ಅನುಕೂಲವಾಗಿಲ್ಲದಿದ್ದರೆ ಒಂದು ಆಜ್ಞೆ ತಲುಪಿ ಅದರ ಉತ್ತರ ಹಿಂದಿರುಗುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. 1775ರ ಮಾರ್ಚ್ 22ರಂದು ಪಾರ್ಲಿಮೆಂಟಿನಲ್ಲಿ ಸಂಧಾನದ ಪರವಾಗಿ ಮಾತನಾಡಿದ ಎಡ್ಮಂಡ್ ಬರ್ಕ್, ಆಜ್ಞೆಗೂ ಅದರ ಜಾರಿಗೂ ನಡುವೆ ಮಲಗಿರುವ ಈ ಕಡಲನ್ನು ಯಾವ ಮಂತ್ರಿಯೂ ಬತ್ತಿಸಲಾರನೆಂದು ಸೂಚಿಸಿ, ದೊಡ್ಡ ಸಾಮ್ರಾಜ್ಯಗಳ ಅಂಚಿನಲ್ಲಿ ಅಧಿಕಾರ ಸಡಿಲವಾಗಿಯೇ ಇರಬೇಕಾಗುತ್ತದೆಂದು ವಾದಿಸಿದ. ದೂರದಿಂದಾಗಿಯೇ ವಸಾಹತುಗಳಲ್ಲಿ ಸ್ವಯಮಾಡಳಿತದ ಅಭ್ಯಾಸ ಬೇರೂರಿತ್ತು: ವರ್ಜೀನಿಯದ ಪ್ರತಿನಿಧಿ ಸಭೆ 1619ರಲ್ಲೇ ಕೂಡಿತ್ತು, ನ್ಯೂ ಇಂಗ್ಲೆಂಡಿನ ಊರುಗಳಲ್ಲಿ ರಸ್ತೆಯಿಂದ ಹಿಡಿದು ಪಾದ್ರಿಯ ಸಂಬಳದವರೆಗೆ ಎಲ್ಲವನ್ನೂ ಊರ ಸಭೆಯೇ ತೀರ್ಮಾನಿಸುತ್ತಿತ್ತು. 1766ರಲ್ಲಿ ಪಾರ್ಲಿಮೆಂಟಿನ ಮುಂದೆ ಹೇಳಿಕೆ ಕೊಟ್ಟ ಬೆಂಜಮಿನ್ ಫ್ರಾಂಕ್ಲಿನ್, 1763ಕ್ಕೆ ಮುಂಚೆ ಈ ಜನರನ್ನು ಆಳಲು ಕೋಟೆ ಸೇನೆಗಳೇನೂ ಬೇಕಿರಲಿಲ್ಲ, ಒಂದಿಷ್ಟು ಕಾಗದ, ಮಸಿ ಸಾಕಾಗಿತ್ತು ಎಂದು ವಿವರಿಸಿದ. ಆದರೆ ದೂರವೊಂದೇ ಬಂಡಾಯವನ್ನು ಹೆರುವುದಾದರೆ ಜಮೈಕ, ಬಾರ್ಬಡೋಸ್‌ನಂಥ ಕೆರಿಬಿಯನ್ ದ್ವೀಪಗಳೂ ಬೇರೆಯಾಗಬೇಕಾಗಿತ್ತು. ಅಲ್ಲಿಯೂ ಹಳೆಯ, ಹಟಮಾರಿ ಪ್ರತಿನಿಧಿ ಸಭೆಗಳಿದ್ದವು. ತಮಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ಗುಲಾಮರ ದಂಗೆಗೆ ಹೆದರಿ, ತಮ್ಮ ಸಕ್ಕರೆಗೆ ಬ್ರಿಟನ್ನಿನ ಮಾರುಕಟ್ಟೆಯನ್ನೇ ನಂಬಿ ಬದುಕುತ್ತಿದ್ದ ಆ ದ್ವೀಪಗಳ ತೋಟಗಾರರು ಸಾಮ್ರಾಜ್ಯದ ಸೈನ್ಯವನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ದೂರ ಬಂಡಾಯಕ್ಕೆ ಅವಕಾಶವನ್ನಷ್ಟೇ ಒದಗಿಸುತ್ತದೆ. ಬಂಡೇಳುವುದು ಸರಿ ಎಂಬ ನಂಬಿಕೆ ಬೇರೆಲ್ಲಿಂದಲೋ ಬರಬೇಕು.

ಆ ನಂಬಿಕೆ ಬರುವುದಕ್ಕೆ ದೊಡ್ಡ ಅಡ್ಡಿಯೊಂದಿತ್ತು, ಮತ್ತು ಅದು ಅವರು ದಿನವೂ ಓದುತ್ತಿದ್ದ ಬೈಬಲಿನಲ್ಲಿಯೇ ಇತ್ತು. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ, ಎಲ್ಲ ಅಧಿಕಾರವೂ ದೇವರಿಂದಲೇ ನೇಮಕವಾದದ್ದು, ಅದನ್ನು ಎದುರಿಸುವವನು ದೇವರ ವ್ಯವಸ್ಥೆಯನ್ನೇ ಎದುರಿಸುತ್ತಾನೆ ಎಂದು ಸಾರುತ್ತದೆ. ಇದರ ಆಧಾರದ ಮೇಲೆ ಇಂಗ್ಲೆಂಡಿನ ಅಧಿಕೃತ ಚರ್ಚು 17ನೆಯ ಶತಮಾನದಲ್ಲಿ ‘ನಿಷ್ಕ್ರಿಯ ವಿಧೇಯತೆ’ ಎಂಬ ತತ್ತ್ವವನ್ನು ಬೆಳೆಸಿತ್ತು; ಅರಸನ ಆಜ್ಞೆ ದೇವರ ಆಜ್ಞೆಗೆ ವಿರುದ್ಧವಾಗಿದ್ದರೆ ಪ್ರಜೆ ಅದನ್ನು ನಡೆಸಕೂಡದು, ಆದರೆ ಅದಕ್ಕಾಗಿ ಬರುವ ಶಿಕ್ಷೆಯನ್ನು ಎದುರು ಮಾತಾಡದೆ ಅನುಭವಿಸಬೇಕು, ಯಾವ ಕಾರಣಕ್ಕೂ ಅರಸನ ಮೇಲೆ ಕೈಯೆತ್ತಕೂಡದು ಎಂಬುದು ಅದರ ಸಾರ. 1649ರ ಜನವರಿ 30ರಂದು ಪಾರ್ಲಿಮೆಂಟಿನ ಪಕ್ಷದವರು ಶಿರಚ್ಛೇದ ಮಾಡಿದ ಒಂದನೆಯ ಚಾರ್ಲ್ಸ್ ಅರಸನನ್ನು ಹುತಾತ್ಮನೆಂದು ಸಾರಿ, ಪ್ರತಿವರ್ಷ ಆ ದಿನ ಉಪವಾಸವಿದ್ದು, ರಾಜದ್ರೋಹದ ಪಾಪವನ್ನು ಕುರಿತು ಪ್ರವಚನ ಮಾಡುವ ಪದ್ಧತಿಯೂ ಇತ್ತು. ಬಂಡಾಯ ಪಾಪವೆಂದು ನಂಬಿದ ಭಕ್ತನಿಗೆ ಗೆಲ್ಲುವ ಸಾಧ್ಯತೆ ಎಷ್ಟೇ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅವನು ಅಂಜುವುದು ಸೋಲಿಗಲ್ಲ, ನರಕಕ್ಕೆ. ಆದ್ದರಿಂದ ಸಾಮ್ರಾಜ್ಯದ ಕೋಟೆಗಳಿಗೆ ಮುತ್ತಿಗೆ ಹಾಕುವುದಕ್ಕೆ ಎಷ್ಟೋ ಮುಂಚೆ ಈ ಒಂದು ಅಧ್ಯಾಯದ ಅರ್ಥವನ್ನು ಗೆದ್ದುಕೊಳ್ಳಬೇಕಾಗಿತ್ತು.

ಇದಕ್ಕೆ ಬೇಕಾದ ಸಾಮಗ್ರಿ ಪ್ರಾಟೆಸ್ಟೆಂಟ್ ಸಂಪ್ರದಾಯದೊಳಗೇ ಇತ್ತು. ಜಿನೀವದ ಸುಧಾರಕ ಜಾನ್ ಕ್ಯಾಲ್ವಿನ್ ಖಾಸಗಿ ವ್ಯಕ್ತಿಗಳಿಗೆ ಪ್ರತಿರೋಧದ ಹಕ್ಕನ್ನು ಖಂಡಿತವಾಗಿ ನಿರಾಕರಿಸಿದರೂ, ಅರಸರ ಸ್ವೇಚ್ಛೆಗೆ ಕಡಿವಾಣ ಹಾಕಲೆಂದೇ ನೇಮಕಗೊಂಡ ಕೆಳಹಂತದ ಅಧಿಕಾರಿಗಳು ಕೈಕಟ್ಟಿ ಕುಳಿತರೆ ಅದು ಜನರಿಗೆ ಬಗೆದ ದ್ರೋಹ ಎಂದು ಬರೆದಿದ್ದ. ಪ್ರಾಚೀನ ಸ್ಪಾರ್ಟದಲ್ಲಿ ಅರಸರನ್ನು ಹತೋಟಿಯಲ್ಲಿಡುತ್ತಿದ್ದ ಎಫೋರ್ ಎಂಬ ಅಧಿಕಾರಿಗಳು ಅವನ ಉದಾಹರಣೆ. ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರ ಹತ್ಯಾಕಾಂಡ ನಡೆದ ಮೇಲೆ ಅವನ ಅನುಯಾಯಿಗಳು ಈ ಕಿರುಬಾಗಿಲನ್ನು ಅಗಲಗೊಳಿಸಿದರು. 1579ರಲ್ಲಿ ಪ್ರಕಟವಾದ ‘ವಿಂಡಿಕಿಯೇ ಕಾಂಟ್ರಾ ಟಿರಾನೋಸ್’ ಎಂಬ ಲ್ಯಾಟಿನ್ ಗ್ರಂಥ ಅರಸ, ಪ್ರಜೆ ಮತ್ತು ದೇವರ ನಡುವೆ ಒಡಂಬಡಿಕೆಯೊಂದಿದೆಯೆಂದೂ, ಅದನ್ನು ಮೊದಲು ಮುರಿದ ಅರಸನೇ ನಿಜವಾದ ದ್ರೋಹಿಯೆಂದೂ ವಾದಿಸಿತು. 1630ರ ಸುಮಾರಿಗೆ ಮ್ಯಾಸಚೂಸೆಟ್ಸಿಗೆ ಬಂದಿಳಿದ ಪ್ಯೂರಿಟನ್ನರು, ಎಂದರೆ ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆಂದು ಹೊರಟವರು, ತಮ್ಮ ಚರ್ಚನ್ನೂ ಊರನ್ನೂ ಇಂಥ ಒಡಂಬಡಿಕೆಗಳ ಮೇಲೆಯೇ ಕಟ್ಟಿದ್ದರು. ಒಪ್ಪಿಗೆಯಿಲ್ಲದೆ ಯಾರೂ ಯಾರ ಮೇಲೂ ಅಧಿಕಾರ ಪಡೆಯಲಾರರು ಎಂಬುದು ಅವರ ಮೊಮ್ಮಕ್ಕಳಿಗೆ ಪುಸ್ತಕದಿಂದ ಕಲಿತ ಸಿದ್ಧಾಂತವಾಗಿರಲಿಲ್ಲ. ಚರ್ಚಿನ ಸದಸ್ಯತ್ವದಿಂದ ಪಾದ್ರಿಯ ಆಯ್ಕೆಯವರೆಗೆ ಅದು ದಿನನಿತ್ಯದ ರೂಢಿಯಾಗಿತ್ತು.

ಬಾಸ್ಟನ್ನಿನ ವೆಸ್ಟ್ ಚರ್ಚಿನ ಪಾದ್ರಿ ಜೊನಾಥನ್ ಮೇಹ್ಯೂ 1750ರ ಜನವರಿ 30ರ ಸುಮಾರಿಗೆ, ಚಾರ್ಲ್ಸ್ ಅರಸನ ಶ್ರಾದ್ಧದ ಆ ದಿನವನ್ನೇ ನಿಮಿತ್ತ ಮಾಡಿಕೊಂಡು, ಅಪರಿಮಿತ ವಿಧೇಯತೆಯನ್ನು ಕುರಿತು ಮಾಡಿದ ಪ್ರವಚನದಲ್ಲಿ ಈ ಎಲ್ಲ ಎಳೆಗಳೂ ಒಂದಾದವು. ಅವನ ತರ್ಕದ ನಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೌಲನ ಮಾತನ್ನು ಅವನು ತಳ್ಳಿಹಾಕುವುದಿಲ್ಲ, ಅದನ್ನು ಕೊನೆಯವರೆಗೆ ಓದಬೇಕೆನ್ನುತ್ತಾನೆ. ಅಧಿಕಾರಕ್ಕೆ ಒಳಪಡಿರಿ ಎಂದು ಅಪ್ಪಣೆ ಮಾಡಿದ ಪೌಲ ಅಷ್ಟಕ್ಕೇ ನಿಲ್ಲದೆ ಕಾರಣವನ್ನೂ ಕೊಡುತ್ತಾನೆ: ಅಧಿಕಾರಿ ಜನರ ಹಿತಕ್ಕಾಗಿ ಇರುವ ದೇವರ ಸೇವಕ, ಕೆಟ್ಟದ್ದನ್ನು ಮಾಡುವವರಿಗೆ ಭಯ, ಒಳ್ಳೆಯದನ್ನು ಮಾಡುವವರಿಗೆ ಮೆಚ್ಚಿಕೆ. ಆಜ್ಞೆ ನಿಂತಿರುವುದು ಈ ಕಾರಣದ ಮೇಲೆ. ಆದ್ದರಿಂದ ಕಾರಣ ಇರುವಷ್ಟು ದೂರ ಮಾತ್ರ ಆಜ್ಞೆಯ ವ್ಯಾಪ್ತಿ. ಪ್ರಜೆಗಳನ್ನು ಸುಲಿಯುವ ಅರಸನಿಗೆ ಈ ವರ್ಣನೆ ಹೊಂದದಿದ್ದರೆ ಈ ವಿಧೇಯತೆಯೂ ಅವನಿಗೆ ಸಲ್ಲದು. ಅಂಥವನನ್ನು ದೇವರ ಸೇವಕನೆಂದು ಕರೆಯುವುದೇ ದೇವನಿಂದೆ. ತಂದೆತಾಯಿಗಳಿಗೆ ಮಕ್ಕಳು ವಿಧೇಯರಾಗಿರಬೇಕೆಂಬ ಕಟ್ಟಳೆಯೂ ಹುಚ್ಚು ಹಿಡಿದು ಮಕ್ಕಳ ಕುತ್ತಿಗೆ ಕೊಯ್ಯಹೊರಟ ತಂದೆಗೆ ಅನ್ವಯಿಸುವುದಿಲ್ಲವಷ್ಟೆ. ಹೀಗೆ ವಿಧೇಯತೆಯನ್ನು ಬೋಧಿಸುತ್ತಿದ್ದ ಅದೇ ವಾಕ್ಯಗಳಿಂದ ಮೇಹ್ಯೂ ಪ್ರತಿರೋಧವನ್ನು ಕಡೆದು ತೆಗೆದ, ಅದೂ ಪ್ರಜೆಯ ಹಕ್ಕಾಗಿ ಮಾತ್ರವಲ್ಲ, ಕರ್ತವ್ಯವಾಗಿ.

ಜಾನ್ ಲಾಕ್ 1689ರ ಕೊನೆಗೆ ಅಚ್ಚುಹಾಕಿಸಿದ ಸರ್ಕಾರ ಕುರಿತ ಎರಡು ಪ್ರಬಂಧಗಳು ಇದೇ ತೀರ್ಮಾನಕ್ಕೆ ಲೌಕಿಕ ಭಾಷೆಯನ್ನು ಒದಗಿಸಿದ್ದವು. ಅಧಿಕಾರ ಎನ್ನುವುದು ಜನರು ನಂಬಿಕೆಯ ಮೇಲೆ ಒಪ್ಪಿಸಿದ ಠೇವಣಿ. ಅದನ್ನು ಜನರ ಪ್ರಾಣ, ಸ್ವಾತಂತ್ರ್ಯ, ಆಸ್ತಿಗಳ ವಿರುದ್ಧವೇ ಬಳಸಿದರೆ ಠೇವಣಿ ಮೂಲ ಒಡೆಯರಿಗೆ ಹಿಂದಿರುಗುತ್ತದೆ ಎಂಬುದು ಲಾಕನ ವಾದ. ಆದರೆ ಅರಸನಿಗೂ ಜನರಿಗೂ ನಡುವಣ ಈ ವ್ಯಾಜ್ಯವನ್ನು ತೀರಿಸುವ ನ್ಯಾಯಾಧೀಶ ಭೂಮಿಯ ಮೇಲೆ ಯಾರು? ಯಾರೂ ಇಲ್ಲದಿದ್ದಾಗ ಉಳಿಯುವುದು ಪರಲೋಕಕ್ಕೆ ಸಲ್ಲಿಸುವ ಮೇಲ್ಮನವಿ ಎಂದು ಲಾಕ್ ಹೇಳುತ್ತಾನೆ, ಅಮ್ಮೋನಿಯರ ಮೇಲೆ ಯುದ್ಧಕ್ಕೆ ಹೊರಡುವ ಮುಂಚೆ ದೇವರನ್ನೇ ನ್ಯಾಯಾಧಿಪತಿಯೆಂದು ಕರೆದ ಬೈಬಲಿನ ಯೆಫ್ತಾಹನನ್ನು ನೆನೆಯುತ್ತಾನೆ. 1775ರಲ್ಲಿ ಜಾರ್ಜ್ ವಾಷಿಂಗ್ಟನ್ ಸಜ್ಜುಗೊಳಿಸಿದ ಸಣ್ಣ ಹಡಗುಗಳ ಮೇಲೆ ಹಾರಿದ್ದು ಹಸಿರು ಪೈನ್ ಮರದ ಚಿತ್ರವಿದ್ದ ಬಿಳಿಯ ಬಾವುಟ. ಅದರ ಮೇಲೆ ಬರೆದಿದ್ದದ್ದು ಲಾಕನ ಈ ಮೇಲ್ಮನವಿಯ ಪದಗಳೇ. ದಾರ್ಶನಿಕನೊಬ್ಬನ ಪರಿಭಾಷೆ ನಾವಿಕರ ಬಾವುಟವಾಗಲು ಸಾಧ್ಯವಾದದ್ದು ಆ ಪರಿಭಾಷೆಯ ಬೇರು ಅವರೆಲ್ಲರೂ ಬಲ್ಲ ಧರ್ಮಗ್ರಂಥದಲ್ಲಿದ್ದುದರಿಂದ.

ಈ ಹಿನ್ನೆಲೆಯಲ್ಲಿ 1766ರ ಮಾರ್ಚ್ 18ರ ದಿನದ ಮಹತ್ವ ಸ್ಪಷ್ಟವಾಗುತ್ತದೆ. ಅಂದು ಸ್ಟಾಂಪ್ ಕಾಯಿದೆ ರದ್ದಾಯಿತು. ಅದರ ಜೊತೆಯಲ್ಲೇ ಎಲ್ಲ ವಿಷಯಗಳಲ್ಲಿಯೂ ವಸಾಹತುಗಳನ್ನು ಕಟ್ಟುಪಡಿಸುವ ಅಧಿಕಾರ ಪಾರ್ಲಿಮೆಂಟಿಗೆ ಇದೆ ಎಂದು ಸಾರುವ ಘೋಷಣಾ ಕಾಯಿದೆಯೂ ಅಂಗೀಕಾರವಾಯಿತು. ಹಣದ ದೃಷ್ಟಿಯಿಂದ ನೋಡಿದರೆ ವಸಾಹತುಗಾರರು ಗೆದ್ದಿದ್ದರು, ಘೋಷಣಾ ಕಾಯಿದೆಯಿಂದ ಯಾರ ಜೇಬಿನಿಂದಲೂ ಒಂದು ಕಾಸೂ ಹೋಗಲಿಲ್ಲ. ಮೊದಮೊದಲು ಹಲವರು ಅದನ್ನು ಕಡೆಗಣಿಸಿದರೂ, ಮರುವರ್ಷವೇ ಹೊಸ ಸುಂಕಗಳು ಬಂದಾಗ ಆ ಒಂದು ಸಾಲಿನ ತೂಕ ಅರಿವಾಯಿತು. ಇಂಗ್ಲೆಂಡಿನ ಪಾದ್ರಿ ಮತ್ತು ದಾರ್ಶನಿಕ ರಿಚರ್ಡ್ ಪ್ರೈಸ್ 1776ರಲ್ಲಿ ಪ್ರಕಟಿಸಿದ ತನ್ನ ಕೃತಿಯಲ್ಲಿ ವಿವರಿಸಿದಂತೆ, ಮತ್ತೊಬ್ಬರ ಇಚ್ಛೆಯ ಕೃಪೆಯಲ್ಲಿ ಬದುಕುವ ಜನ, ಆ ಇಚ್ಛೆ ಸದ್ಯಕ್ಕೆ ದಯೆಯಿಂದಲೇ ಕೂಡಿದ್ದರೂ, ಸ್ವತಂತ್ರರಲ್ಲ. ಒಳ್ಳೆಯ ಒಡೆಯನ ಕೈಕೆಳಗಿನ ಆಳು ಏಟು ತಿನ್ನದಿರಬಹುದು, ಆದರೆ ಏಟು ಬೀಳದಿರುವುದು ಒಡೆಯನ ಮನಸ್ಸಿಗೆ ಬಿಟ್ಟದ್ದು. ಇತ್ತೀಚಿನ ದಾರ್ಶನಿಕರು ಸ್ವಾತಂತ್ರ್ಯದ ಈ ಕಲ್ಪನೆಯನ್ನು ಹಸ್ತಕ್ಷೇಪದ ಅಭಾವದಿಂದ ಬೇರ್ಪಡಿಸಿ, ಅಧೀನತೆಯ ಅಭಾವ ಎಂದು ನಿರೂಪಿಸುತ್ತಾರೆ. ಹಗುರವಾದ ತೆರಿಗೆ ಭಾರವಾದ ಕೋಪವನ್ನು ಕೆರಳಿಸಿದ್ದು ಹೇಗೆಂಬ ಒಗಟಿಗೆ ಇಲ್ಲಿ ಉತ್ತರವಿದೆ: ಜನ ಸಿಟ್ಟಾದದ್ದು ತಮ್ಮಿಂದ ಕಿತ್ತುಕೊಂಡದ್ದಕ್ಕಿಂತ ಹೆಚ್ಚಾಗಿ, ಕಿತ್ತುಕೊಳ್ಳುವುದಕ್ಕೆ ಕೊನೆಯೆಂಬುದೇ ಇಲ್ಲವೆಂಬ ಮಾತಿಗೆ. ಧಾರ್ಮಿಕ ಮನಸ್ಸಿಗೆ ಇದು ಇನ್ನೂ ಚುಚ್ಚುವ ಮಾತು, ಏಕೆಂದರೆ ಎಲ್ಲ ವಿಷಯಗಳಲ್ಲಿಯೂ ಅಧಿಕಾರವುಳ್ಳವನು ದೇವರೊಬ್ಬನೇ. ಆ ಗುಣವನ್ನು ತನ್ನದೆನ್ನುವ ಪಾರ್ಲಿಮೆಂಟು ವಿಗ್ರಹದ ಪೀಠವನ್ನೇರಿದಂತೆ.

ಸಾಮ್ರಾಜ್ಯದ ಪಕ್ಷವೂ ಬರೀ ಹಟವಾಗಿರಲಿಲ್ಲ, ಅದರ ಬೆನ್ನಿಗೂ ಒಂದು ದರ್ಶನವಿತ್ತು. 1765ರಿಂದ ಪ್ರಕಟವಾಗತೊಡಗಿದ ಇಂಗ್ಲೆಂಡಿನ ಕಾನೂನುಗಳ ವ್ಯಾಖ್ಯಾನಗ್ರಂಥದಲ್ಲಿ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟೋನ್, ಪ್ರತಿ ರಾಜ್ಯದಲ್ಲಿಯೂ ಪ್ರಶ್ನಾತೀತವಾದ ಪರಮಾಧಿಕಾರವೊಂದು ಎಲ್ಲಾದರೂ ಇರಲೇಬೇಕು, ಬ್ರಿಟನ್ನಿನಲ್ಲಿ ಅದು ಪಾರ್ಲಿಮೆಂಟಿನಲ್ಲಿದೆ ಎಂದು ಬರೆದ. ಪರಮಾಧಿಕಾರವನ್ನು ಹಂಚಿದರೆ ಅದು ಪರಮವಾಗಿ ಉಳಿಯುವುದಿಲ್ಲ ಎಂಬುದು ಈ ತರ್ಕ. ಮ್ಯಾಸಚೂಸೆಟ್ಸಿನ ಗವರ್ನರ್, ಬಾಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಇತಿಹಾಸಕಾರ ಥಾಮಸ್ ಹಚಿನ್ಸನ್, 1773ರ ಜನವರಿಯಲ್ಲಿ ಪ್ರಾಂತ್ಯದ ಸಭೆಯ ಮುಂದೆ ಈ ತರ್ಕವನ್ನು ಅದರ ತುದಿಯವರೆಗೂ ಎಳೆದು, ಪಾರ್ಲಿಮೆಂಟಿನ ಪರಮಾಧಿಕಾರಕ್ಕೂ ವಸಾಹತುಗಳ ಸಂಪೂರ್ಣ ಸ್ವಾತಂತ್ರ್ಯಕ್ಕೂ ನಡುವೆ ಎಳೆಯಬಹುದಾದ ಗೆರೆ ಯಾವುದೂ ತನಗೆ ಕಾಣದೆಂದ. ಸ್ವಾತಂತ್ರ್ಯದ ಹೆಸರು ಕೇಳಿ ಸದಸ್ಯರು ಹಿಂದೆ ಸರಿದಾರೆಂದು ಅವನು ಎಣಿಸಿದ್ದಿರಬೇಕು. ಆದರೆ ಸಭೆ ಅವನ ಆಧಾರವಾಕ್ಯವನ್ನು ಒಪ್ಪಿಕೊಂಡೇ ವಿರುದ್ಧ ತೀರ್ಮಾನಕ್ಕೆ ಬಂದಿತು: ಅಂಥ ಗೆರೆ ಇಲ್ಲವೆಂದಾದರೆ ಒಂದೋ ತಾವು ಪಾರ್ಲಿಮೆಂಟಿನ ಜೀತದಾಳುಗಳು, ಇಲ್ಲವೇ ಸ್ವತಂತ್ರರು, ಜೀತದಾಳುಗಳಾಗಲು ಪೂರ್ವಜರು ಒಪ್ಪಿರಲಾರರು, ಆದ್ದರಿಂದ ಎರಡನೆಯದೇ ಸರಿ. ಎಲ್ಲೆಯಿಲ್ಲದ ಅಧಿಕಾರದ ವಾದ ತನ್ನ ಎದುರಾಳಿಗಳಿಗೆ ನಡುದಾರಿಯನ್ನು ಮುಚ್ಚಿ ಬೇರ್ಪಡೆಯ ದಾರಿಯನ್ನು ತಾನೇ ತೋರಿಸಿಕೊಟ್ಟಿತು.

ಈ ಧಾರ್ಮಿಕ ಪ್ರೇರಣೆಗೆ ಕತ್ತಲೆಯ ಮಗ್ಗುಲೂ ಇತ್ತು. ಲಂಡನ್ನಿನಿಂದ ಬಿಷಪ್ಪನೊಬ್ಬನನ್ನು ಅಮೆರಿಕಕ್ಕೆ ಕಳುಹಿಸುವ ಸಂಗತಿಯ ಮೇಲೆ 1760ರ ದಶಕದಲ್ಲಿ ನಡೆದ ವಾಗ್ವಾದದಲ್ಲಿ, ಬಿಷಪ್ ಬಂದರೆ ಹಿಂದೆಯೇ ಚರ್ಚಿನ ತೆರಿಗೆ ಮತ್ತು ಧಾರ್ಮಿಕ ನ್ಯಾಯಾಲಯಗಳೂ ಬರುತ್ತವೆಂದು ಇತರ ಪಂಥಗಳವರು ಹೆದರಿದರು. ಆ ಭಯಕ್ಕೆ ಅವರ ಹಿರಿಯರ ಅನುಭವದ ಆಧಾರವಿತ್ತು. ಆದರೆ 1774ರ ಕ್ವಿಬೆಕ್ ಕಾಯಿದೆ ಕೆನಡದ ಫ್ರೆಂಚ್ ಕ್ಯಾಥೊಲಿಕರಿಗೆ ಅವರ ಪೂಜಾಸ್ವಾತಂತ್ರ್ಯವನ್ನು ಉಳಿಸಿಕೊಟ್ಟಾಗ, ಅದನ್ನು ಸಹನೆಯ ಕಾಯಿದೆಯೆಂದು ಕಾಣದೆ ಪೋಪನ ದಬ್ಬಾಳಿಕೆಯ ಮೊದಲ ಹೆಜ್ಜೆಯೆಂದು ಕೂಗೆಬ್ಬಿಸಿದವರೂ ಇವರೇ. ತಮ್ಮ ಮನಸ್ಸಾಕ್ಷಿಗೆ ಬೇಕಾದ ಬೇಲಿಯನ್ನು ಪಕ್ಕದವರ ಮನಸ್ಸಾಕ್ಷಿಗೂ ಒಪ್ಪಿಕೊಳ್ಳುವಷ್ಟು ಅವರ ತತ್ತ್ವ ಆಗಿನ್ನೂ ಪಕ್ವವಾಗಿರಲಿಲ್ಲ. ಆ ಕ್ಯಾಥೊಲಿಕರು ಮುಂದೆ ಬಂಡಾಯಕ್ಕೆ ಕೈಜೋಡಿಸದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರತಿರೋಧವನ್ನು ಒಪ್ಪಿದ ಯಾವ ಸಿದ್ಧಾಂತವೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೆಂದರೆ, ಆಳುವವನು ಎಲ್ಲೆ ಮೀರಿದ್ದಾನೆಂದು ತೀರ್ಪು ಕೊಡುವವರು ಯಾರು ಎಂಬುದು. ಮೇಹ್ಯೂವಿಗೇ ಈ ಪ್ರಶ್ನೆ ಕಹಿಯಾಗಿ ಎದುರಾಯಿತು. 1765ರ ಆಗಸ್ಟ್ 25ರ ಭಾನುವಾರ ಅವನು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಆಧರಿಸಿ ಸ್ವಾತಂತ್ರ್ಯವನ್ನು ಕುರಿತು ಪ್ರವಚನ ಮಾಡಿದ. ಮರುದಿನ ರಾತ್ರಿ ಗುಂಪೊಂದು ಆಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಹಚಿನ್ಸನ್ನನ ಮನೆಯ ಬಾಗಿಲು ಕಿಟಕಿ ಮುರಿದು, ಗೋಡೆಗಳನ್ನು ಕೆಡವಿ, ಅವನು ವರ್ಷಾನುಗಟ್ಟಲೆ ಕೂಡಿಸಿದ್ದ ಇತಿಹಾಸದ ಹಸ್ತಪ್ರತಿಗಳನ್ನು ಬೀದಿಯ ಕೆಸರಿಗೆ ಎಸೆಯಿತು. ಪ್ರವಚನವೇ ಇದಕ್ಕೆ ಕಾರಣವೆಂಬ ಆಪಾದನೆ ಬಂದಾಗ ಮೇಹ್ಯೂ ಹಚಿನ್ಸನ್ನನಿಗೆ ಪತ್ರ ಬರೆದು ಆ ಕೃತ್ಯದ ಬಗ್ಗೆ ತನ್ನ ಅಸಹ್ಯವನ್ನು ತಿಳಿಸಿದ. ಸ್ವೇಚ್ಛಾಚಾರದ ವಿರುದ್ಧ ಹುಟ್ಟಿದ ಮಾತು ಸ್ವೇಚ್ಛಾಚಾರಕ್ಕೇ ನೆಪವಾಗಬಲ್ಲುದೆಂಬ ಈ ಅಪಾಯವನ್ನೇ ವಿರೋಧಿಗಳು ಎತ್ತಿ ತೋರಿಸಿದರು. ಮೇರಿಲ್ಯಾಂಡಿನ ಪಾದ್ರಿ ಜೊನಾಥನ್ ಬೌಚರ್ ಬೆದರಿಕೆಗಳ ನಡುವೆ ಗುಂಡು ತುಂಬಿದ ಪಿಸ್ತೂಲುಗಳನ್ನು ಹತ್ತಿರ ಇಟ್ಟುಕೊಂಡೇ ವಿಧೇಯತೆಯನ್ನು ಬೋಧಿಸಿ, ಕೊನೆಗೆ 1775ರಲ್ಲಿ ಇಂಗ್ಲೆಂಡಿಗೆ ಹೊರಟುಹೋದ. ಒಪ್ಪಿಗೆಯೇ ಅಧಿಕಾರದ ಮೂಲವಾದರೆ ನಿನ್ನೆ ಒಪ್ಪಿದವನು ಇಂದು ಹಿಂತೆಗೆಯಬಹುದು, ಹಾಗಾದರೆ ಯಾವ ಸರ್ಕಾರವೂ ನಿಲ್ಲಲಾರದು ಎಂಬುದು ಅವನ ಆಕ್ಷೇಪ. ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನ ಮೂಲಕ ಕನ್ನಡಿಗರಿಗೂ ಪರಿಚಿತವಾದ ಪಂಥದ ಸ್ಥಾಪಕ ಜಾನ್ ವೆಸ್ಲಿ 1775ರಲ್ಲಿ ಹೊರತಂದ ಕಿರುಹೊತ್ತಗೆಯಲ್ಲಿ ವಸಾಹತುಗಾರರನ್ನು ಶಾಂತಿಗೆ ಕರೆದ. ಯಾವ ಯುದ್ಧವನ್ನೂ ಒಪ್ಪದ ಕ್ವೇಕರರು ಎರಡೂ ಪಕ್ಷಗಳಿಗೆ ಸೇರದೆ ಉಳಿದರು, ಅದಕ್ಕಾಗಿ 1777ರಲ್ಲಿ ಫಿಲಡೆಲ್ಫಿಯದ ಕೆಲವು ಕ್ವೇಕರರನ್ನು ವಿಚಾರಣೆಯಿಲ್ಲದೆ ವರ್ಜೀನಿಯಕ್ಕೆ ಗಡೀಪಾರು ಮಾಡಲಾಯಿತು.

ಈ ಆಕ್ಷೇಪಗಳಿಗೆ ವಸಾಹತುಗಾರರು ಕೊಟ್ಟ ಉತ್ತರವನ್ನು ಅವರ ಸಿದ್ಧಾಂತಕ್ಕಿಂತ ಹೆಚ್ಚಾಗಿ ನಡೆದುಕೊಂಡ ಕ್ರಮದಲ್ಲಿ ಕಾಣಬಹುದು. ಅವರು ಮೊದಲು ಮನವಿ ಸಲ್ಲಿಸಿದರು, ಆಮೇಲೆ ಬ್ರಿಟಿಷ್ ಸರಕುಗಳನ್ನು ಬಹಿಷ್ಕರಿಸಿದರು. ಲೆಕ್ಸಿಂಗ್ಟನ್ನಿನಲ್ಲಿ 1775ರ ಏಪ್ರಿಲ್ 19ರಂದು ರಕ್ತ ಹರಿದ ಮೇಲೂ ಜುಲೈಯಲ್ಲಿ ಅರಸನಿಗೆ ಸಂಧಾನದ ಮನವಿಯೊಂದನ್ನು ಕಳುಹಿಸಿದರು. ಮೂರನೆಯ ಜಾರ್ಜ್ ಅದನ್ನು ಸ್ವೀಕರಿಸಲೂ ಒಪ್ಪದೆ ಆಗಸ್ಟ್ 23ರಂದು ಅವರನ್ನು ಬಂಡುಕೋರರೆಂದು ಸಾರಿದ. ಅಲ್ಲಿಯವರೆಗೆ ಪಾರ್ಲಿಮೆಂಟನ್ನು ನಿರಾಕರಿಸಿಯೂ ಅರಸನ ಮೇಲಿಟ್ಟಿದ್ದ ನಿಷ್ಠೆಯೇ ಕೊನೆಯ ಕೊಂಡಿಯಾಗಿತ್ತು; 1776ರ ಜನವರಿಯಲ್ಲಿ ಥಾಮಸ್ ಪೇನ್ ಹೊರತಂದ ‘ಕಾಮನ್ ಸೆನ್ಸ್’ ಆ ಕೊಂಡಿಗೇ ಕೈಹಾಕಿತು. ಮುಂದೆ ಸಂಘಟಿತ ಧರ್ಮಗಳನ್ನೆಲ್ಲ ಟೀಕಿಸಲಿದ್ದ ಪೇನ್, ತನ್ನ ಓದುಗರು ಎಂಥವರೆಂದು ಬಲ್ಲವನಾಗಿ, ಇಸ್ರಾಯೇಲ್ಯರು ಅರಸನನ್ನು ಬೇಡಿದಾಗ ಪ್ರವಾದಿ ಸಮುವೇಲನು ಎಚ್ಚರಿಸಿದ ಪ್ರಸಂಗವನ್ನು ವಿಸ್ತಾರವಾಗಿ ಬಳಸಿಕೊಂಡು, ಅರಸೊತ್ತಿಗೆಯೇ ದೇವರಿಗೆ ಮೆಚ್ಚಿಲ್ಲದ ಏರ್ಪಾಡು ಎಂದು ವಾದಿಸಿದ. ಜುಲೈ 4ರ ಸ್ವಾತಂತ್ರ್ಯ ಘೋಷಣೆಯ ಬಹುಭಾಗ ಅರಸನ ಮೇಲಿನ ಆಪಾದನೆಗಳ ಪಟ್ಟಿ. ತೀರ್ಪು ಕೊಡುವ ಅಧಿಕಾರ ತಮಗಿದೆಯೆಂದು ಸಾಧಿಸುವುದರ ಜೊತೆಗೆ, ಆ ತೀರ್ಪಿಗೆ ಕಾರಣಗಳನ್ನು ಲೋಕದ ಮುಂದಿಡುವ ಹೊಣೆಯೂ ತಮಗಿದೆಯೆಂದು ಅದು ಒಪ್ಪಿಕೊಳ್ಳುತ್ತದೆ.

ಆದರೆ ಲೋಕದ ಮುಂದಿಟ್ಟ ಕಾರಣಗಳನ್ನು ಲೋಕವೂ ಓದುತ್ತದೆ. ಸ್ವಾತಂತ್ರ್ಯಕ್ಕಾಗಿ ಅತಿ ಗಟ್ಟಿಯಾಗಿ ಕೂಗುತ್ತಿರುವವರು ನೀಗ್ರೋಗಳ ಒಡೆಯರೇ ಆಗಿರುವುದೇಕೆ ಎಂದು ಲಂಡನ್ನಿನ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1775ರಲ್ಲಿ ಚುಚ್ಚಿದ. ಬರ್ಕ್ ಅದೇ ವರ್ಷ ಇದಕ್ಕೊಂದು ಮನಶ್ಶಾಸ್ತ್ರೀಯ ಕಾರಣವನ್ನೂ ಕೊಟ್ಟಿದ್ದ: ಗುಲಾಮಗಿರಿಯನ್ನು ದಿನವೂ ಕಣ್ಣಾರೆ ಕಾಣುವ ಒಡೆಯರಿಗೆ ಸ್ವಾತಂತ್ರ್ಯವೆಂದರೆ ಹಕ್ಕಷ್ಟೇ ಅಲ್ಲ, ಅಂತಸ್ತು ಕೂಡ, ಆದ್ದರಿಂದಲೇ ದಕ್ಷಿಣದ ವಸಾಹತುಗಳವರು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದಾರೆ. ಆಗ ವಸಾಹತುಗಳ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಗುಲಾಮರಿದ್ದರು, ಮತ್ತು ಅವರು ಈ ವಾದಗಳನ್ನು ಕಿವಿಗೊಟ್ಟು ಕೇಳುತ್ತಿದ್ದರು. ಮ್ಯಾಸಚೂಸೆಟ್ಸಿನ ಗುಲಾಮರು 1773ರಿಂದಲೇ ಬಿಡುಗಡೆಗಾಗಿ ಮನವಿಗಳನ್ನು ಸಲ್ಲಿಸತೊಡಗಿದರು. 1777ರ ಜನವರಿಯ ಮನವಿ ಅಮೆರಿಕದವರು ಬ್ರಿಟನ್ನಿನ ವಿರುದ್ಧ ಹೂಡಿದ ವಾದಗಳೆಲ್ಲವೂ ತಮ್ಮ ಪರವಾಗಿ ಇನ್ನೂ ಬಲವಾಗಿ ನಿಲ್ಲುತ್ತವೆಂದು ತೋರಿಸಿತು. ಬಂಡಾಯದ ಸೈನ್ಯದಲ್ಲಿ ಸೇವೆ ಸಲ್ಲಿಸಿದ, ಮುಂದೆ ಪಾದ್ರಿಯಾದ ಕಪ್ಪುಜನಾಂಗದ ಲೆಮ್ಯುಯೆಲ್ ಹೇನ್ಸ್ ಘೋಷಣೆಯ ವರ್ಷದ ಸುಮಾರಿಗೇ ಅದರ ತತ್ತ್ವವನ್ನು ಗುಲಾಮರಿಗೂ ವಿಸ್ತರಿಸುವ ಪ್ರಬಂಧ ಬರೆದ. ಅವನ ಜೀವಿತಕಾಲದಲ್ಲಿ ಅದು ಅಚ್ಚಾಗಲೇ ಇಲ್ಲ. 1775ರ ನವೆಂಬರಿನಲ್ಲಿ ವರ್ಜೀನಿಯದ ಗವರ್ನರ್ ಡನ್ಮೋರ್, ಬಂಡುಕೋರ ಒಡೆಯರನ್ನು ಬಿಟ್ಟು ಬಂದು ಅರಸನ ಪರ ಹೋರಾಡುವ ಗುಲಾಮರಿಗೆ ಬಿಡುಗಡೆ ಸಾರಿದಾಗ ನೂರಾರು ಜನ ಸಾಮ್ರಾಜ್ಯದ ಕಡೆಗೇ ಓಡಿದರು. ಮೂಲನಿವಾಸಿಗಳ ವಿಷಯದಲ್ಲಿಯೂ ಹೀಗೆಯೇ: 1763ರ ರಾಜಘೋಷಣೆ ಅಪಲಾಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ನೆಲೆಸುವುದನ್ನು ನಿಷೇಧಿಸಿದಾಗ, ಸಾಮ್ರಾಜ್ಯ ಎಳೆದ ಆ ಗೆರೆಯನ್ನೇ ವಸಾಹತುಗಾರರು ಅನ್ಯಾಯವೆಂದರು. ತಮ್ಮನ್ನು ಆಳುವವರಿಗೆ ಎಲ್ಲೆ ಬೇಕೆಂದವರು ತಮ್ಮ ಆಸೆಗೆ ಎಲ್ಲೆ ಬಂದಾಗ ಸಹಿಸಲಿಲ್ಲ.

ಈ ಕಥೆಗೂ ಭಾರತಕ್ಕೂ ನೇರವಾದ ಸಂಬಂಧಗಳಿವೆ. ಬಾಸ್ಟನ್ನಿನಲ್ಲಿ ನೀರುಪಾಲಾದದ್ದು ಈಸ್ಟ್ ಇಂಡಿಯಾ ಕಂಪನಿಯ ಸರಕು. ಅದಕ್ಕೆ ಕೆಲವೇ ವಾರ ಮೊದಲು ಪೆನ್ಸಿಲ್ವೇನಿಯದ ವಕೀಲ ಜಾನ್ ಡಿಕಿನ್ಸನ್, 1770ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತ ಸಂಗತಿಯನ್ನು ನೆನಪಿಸಿ, ಏಷ್ಯವನ್ನು ಸುಲಿದ ಕಂಪನಿ ಈಗ ಅಮೆರಿಕದ ಮೇಲೆ ಕಣ್ಣು ಹಾಕಿದೆಯೆಂದು ಎಚ್ಚರಿಸಿದ್ದ. ಮೈಸೂರಿನ ಸೈನ್ಯ ಬ್ರಿಟಿಷರೊಡನೆ ಎರಡನೆಯ ಯುದ್ಧದಲ್ಲಿ ತೊಡಗಿದ್ದಾಗಲೇ ಪೆನ್ಸಿಲ್ವೇನಿಯದ ಯುದ್ಧನೌಕೆಯೊಂದು ಹೈದರ್ ಅಲಿಯ ಹೆಸರನ್ನು ಹೊತ್ತಿತ್ತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಆ ನೌಕೆ ತನಗಿಂತ ಬಲವಾದ ಬ್ರಿಟಿಷ್ ನೌಕೆ ‘ಜನರಲ್ ಮಾಂಕ್’ ಅನ್ನು ಸೆರೆಹಿಡಿಯಿತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ ಮುಂದೆ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡ. ಪಶ್ಚಿಮದಲ್ಲಿ ತನ್ನದೇ ಜನರ ಮೇಲೆ ಕಳೆದುಕೊಂಡ ಅಪರಿಮಿತ ಅಧಿಕಾರವನ್ನು ಸಾಮ್ರಾಜ್ಯ ಪೂರ್ವದಲ್ಲಿ, ಒಪ್ಪಿಗೆಯ ಪ್ರಶ್ನೆಯೇ ಏಳದ ಜನರ ಮೇಲೆ, ಕಟ್ಟತೊಡಗಿತ್ತು.

ಇದು ಪ್ರಾಟೆಸ್ಟೆಂಟರ ವಿಶೇಷವೇ ಎಂಬ ಸಂದೇಹಕ್ಕೆ ಸ್ಪೇನಿನ ಅಮೆರಿಕ ಉತ್ತರ ಕೊಡುತ್ತದೆ. ಅಲ್ಲಿ ಕ್ರಿಯೋಲರು, ಅಂದರೆ ಸ್ಪೇನ್ ಮೂಲದವರಾಗಿದ್ದು ಅಮೆರಿಕದಲ್ಲೇ ಹುಟ್ಟಿದವರು, ಮೇಲಿನ ಹುದ್ದೆಗಳೆಲ್ಲ ಸ್ಪೇನಿನಿಂದ ಬಂದವರ ಪಾಲಾಗುವುದನ್ನು ಕಂಡು ಕುದಿಯುತ್ತಿದ್ದರು. 1767ರಲ್ಲಿ ಅರಸ ಜೆಸ್ವಿಟ್ ಪಾದ್ರಿಗಳನ್ನು ಒಮ್ಮೆಲೇ ಹೊರಗಟ್ಟಿದ್ದು ಆ ಅಸಮಾಧಾನಕ್ಕೆ ಧಾರ್ಮಿಕ ಗಾಯವನ್ನೂ ಸೇರಿಸಿತು. 1808ರಲ್ಲಿ ನೆಪೋಲಿಯನ್ ಸ್ಪೇನಿನ ಅರಸನನ್ನು ಸೆರೆಯಲ್ಲಿಟ್ಟಾಗ, ಅಧಿಕಾರ ದೇವರಿಂದ ಸಮುದಾಯಕ್ಕೆ, ಸಮುದಾಯದಿಂದ ಅರಸನಿಗೆ ಬರುತ್ತದೆ ಎಂದು ಕಲಿಸಿದ್ದ ಜೆಸ್ವಿಟ್ ದಾರ್ಶನಿಕ ಫ್ರಾನ್ಸಿಸ್ಕೊ ಸುವಾರೆಜನ ಪರಂಪರೆಯ ವಾದ ಉಪಯೋಗಕ್ಕೆ ಬಂದಿತು: ಅರಸನಿಲ್ಲದಾಗ ಅಧಿಕಾರ ಸಮುದಾಯಕ್ಕೆ ಮರಳುತ್ತದೆ. 1810ರ ಸೆಪ್ಟೆಂಬರ್ 16ರಂದು ಮೆಕ್ಸಿಕೋದಲ್ಲಿ ಬಂಡಾಯಕ್ಕೆ ಕರೆಕೊಟ್ಟ ಮಿಗೆಲ್ ಇಡಾಲ್ಗೊ ಒಬ್ಬ ಪಾದ್ರಿ, ಅವನ ಬಾವುಟದ ಮೇಲಿದ್ದದ್ದು ಗ್ವಾಡಲೂಪೆಯ ಮಾತೆಯ ಚಿತ್ರ. ದೇವತಾಶಾಸ್ತ್ರ ಬೇರೆ, ದಾರಿ ಬೇರೆ, ಆದರೂ ತಲುಪಿದ ನಿಲುವು ಒಂದೇ: ಮನುಷ್ಯರ ಅಧಿಕಾರ ಎರವಲು ಪಡೆದದ್ದು, ಎರವಲಿಗೆ ಷರತ್ತುಗಳಿರುತ್ತವೆ.

ಬಂಡಾಯದ ನಾಯಕರಲ್ಲೊಬ್ಬನಾಗಿದ್ದ ಜಾನ್ ಆಡಮ್ಸ್ ತನ್ನ ಇಳಿವಯಸ್ಸಿನಲ್ಲಿ, 1818ರ ಪತ್ರವೊಂದರಲ್ಲಿ, ನಿಜವಾದ ಕ್ರಾಂತಿ ಯುದ್ಧಕ್ಕಿಂತ ಮುಂಚೆಯೇ ಜನರ ಮನಸ್ಸಿನಲ್ಲಿ ನಡೆದುಹೋಗಿತ್ತೆಂದೂ, ತಮ್ಮ ಕರ್ತವ್ಯ ಮತ್ತು ಬಾಧ್ಯತೆಗಳನ್ನು ಕುರಿತ ಅವರ ಧಾರ್ಮಿಕ ಭಾವನೆಗಳು ಬದಲಾದದ್ದೇ ಆ ಕ್ರಾಂತಿಯೆಂದೂ ಬರೆದು, ಮೇಹ್ಯೂವಿನ ಪ್ರವಚನವನ್ನು ನೆನೆದ. ಆಡಮ್ಸನ ಮಾತು ಸರಿಯೆಂದಾದರೆ, ದೂರದ ಸಾಮ್ರಾಜ್ಯದ ಮೇಲೆ ವಸಾಹತುಗಾರರು ತಿರುಗಿಬೀಳುವುದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು: ದೂರ ಕಲಿಸಿದ ಸ್ವಯಮಾಡಳಿತದ ರೂಢಿ, ಆ ರೂಢಿಯನ್ನು ಅಲ್ಲಗಳೆಯುವ ಅಪರಿಮಿತ ಅಧಿಕಾರದ ಘೋಷಣೆ, ಮತ್ತು ಅಪರಿಮಿತ ಅಧಿಕಾರ ಮನುಷ್ಯರಿಗೆ ಸಲ್ಲದೆಂಬ ಮೊದಲೇ ಬೇರೂರಿದ ನಂಬಿಕೆ. ಇವುಗಳಲ್ಲಿ ಮೊದಲನೆಯದು ಭೂಗೋಳದ ಕೊಡುಗೆ, ಎರಡನೆಯದು ಸಾಮ್ರಾಜ್ಯದ ಅವಿವೇಕ. ಮೂರನೆಯದು ಮಾತ್ರ ಬಂಡಾಯವನ್ನು ಬರೀ ಬಲಪರೀಕ್ಷೆಯಾಗದಂತೆ ತಡೆದು ನ್ಯಾಯದ ವ್ಯಾಜ್ಯವನ್ನಾಗಿ ಮಾಡುತ್ತದೆ, ಮತ್ತು ಅದೇ ಕಾರಣದಿಂದ ವಾದಿಯನ್ನೂ ಕಟ್ಟಿಹಾಕುತ್ತದೆ. ಮ್ಯಾಸಚೂಸೆಟ್ಸಿನ ಮುಖ್ಯ ನ್ಯಾಯಾಧೀಶ ವಿಲಿಯಂ ಕುಶಿಂಗ್ 1783ರಲ್ಲಿ ಕ್ವಾಕ್ ವಾಕರ್ ಎಂಬ ಗುಲಾಮನಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಎಲ್ಲರೂ ಸ್ವತಂತ್ರರಾಗಿ ಹುಟ್ಟಿದ್ದಾರೆನ್ನುವ ತಮ್ಮ ರಾಜ್ಯದ 1780ರ ಸಂವಿಧಾನದೊಡನೆ ಗುಲಾಮಗಿರಿ ಹೊಂದುವುದಿಲ್ಲವೆಂದು ಸಾರಿದಾಗ, ಪಾರ್ಲಿಮೆಂಟಿನ ವಿರುದ್ಧ ಹೂಡಿದ್ದ ವಾದ ತನ್ನ ಮನೆಯೊಳಕ್ಕೇ ಬಂದಂತಾಯಿತು. ದಕ್ಷಿಣದ ರಾಜ್ಯಗಳು ಆ ವಾದವನ್ನು ಹೊಸ್ತಿಲಿನಲ್ಲೇ ತಡೆದು ನಿಲ್ಲಿಸಿದವು; ಅದರ ಬೆಲೆಯನ್ನು ಎಂಬತ್ತು ವರ್ಷಗಳ ಮೇಲೆ ಅಂತರ್ಯುದ್ಧದಲ್ಲಿ ತೆರಬೇಕಾಯಿತು. ಸಾಮ್ರಾಜ್ಯಕ್ಕೆ ಎಲ್ಲೆಯನ್ನು ಕಲಿಸಹೊರಟ ಯಾವ ಜನವೇ ಆಗಲಿ, ಅವರ ಪ್ರತಿರೋಧ ಧರ್ಮವೋ ಬರೀ ಒಡೆತನದ ಹಸ್ತಾಂತರವೋ ಎಂಬುದು ಗೆದ್ದ ದಿನ ಗೊತ್ತಾಗುವುದಿಲ್ಲ. ಆ ಎಲ್ಲೆಯನ್ನು ತಮ್ಮ ಅಧೀನದಲ್ಲಿರುವವರ ವಿಷಯದಲ್ಲಿ ಅವರು ಎಷ್ಟರಮಟ್ಟಿಗೆ ತಮಗೇ ವಿಧಿಸಿಕೊಂಡರು ಎಂಬುದರಿಂದ ಗೊತ್ತಾಗುತ್ತದೆ.